ರಕ್ತ ವಾಪಸ್ ಕೊಡ್ರಿ

ನನಗೆ ಜೋರಾಗಿ ಮಾತಾಡಲು ಬರುವುದಿಲ್ಲ. ಬಸ್ಸು ನಮ್ಮೂರು ಶ್ರೀರಾಂಪುರದ ಸ್ಟಾಪು ದಾಟುತ್ತಿದ್ದರೂ ‘ಇಳೀಬೇಕು’ ಎಂದು ಕಂಡಕ್ಟರಿಗೆ ಕೂಗಲಾರದೆ, ಮುಂದೆಲ್ಲೋ ಬೇರೆ ಯಾರೋ ಇಳಿದಾಗ ಅವರ ಹಿಂದೆ ಇಳಿದು, ಬಿಸಿಲಲ್ಲಿ ವಾಪಸ್ ನಡೆದು ಬಂದವಳು ನಾನು. ಅಂಥವಳಿಗೆ ಎಂ.ಎಸ್ಸಿ. ಆದ ಮೇಲೆ ಸಿಕ್ಕ ಮೊದಲ ಕೆಲಸ ಕೂಗುವುದು.

ಚಿತ್ರದುರ್ಗದ ಸಂಶೋಧನಾ ಕೇಂದ್ರವೊಂದರಲ್ಲಿ ಶ್ವಾಸಕೋಶದ ಅಧ್ಯಯನ ನಡೆಯುತ್ತಿತ್ತು. ಹಳ್ಳಿಗೆ ಹೋಗಿ ಜನರ ಬಾಯಿಗೆ ಕೊಳವೆ ಕೊಟ್ಟು ಊದಿಸುವುದು ನನ್ನ ಪಾಲಿನ ಕೆಲಸ. ಅರ್ಧಂಬರ್ಧ ಊದಿದರೆ ಯಂತ್ರ ಒಪ್ಪುವುದಿಲ್ಲ. ಎದೆಯಲ್ಲಿರುವ ಗಾಳಿಯೆಲ್ಲ ಹೊರಗೆ ಬರಬೇಕು; ಇನ್ನು ಆಗದು ಅನ್ನಿಸಿದ ಮೇಲೂ ಊದಬೇಕು. ಅದಕ್ಕೆ ಪಕ್ಕದಲ್ಲಿ ನಿಂತವರು ಬಿಡದೆ ಕೂಗಬೇಕು.

‘ಊದ್ರಿ! ಊದ್ರಿ! ಇನ್ನೂ ಐತೆ ಒಳಗೆ, ಇನ್ನೂ, ಇನ್ನೂ, ನಿಲ್ಲಿಸಬ್ಯಾಡ್ರಿ!’

ಮೊದಮೊದಲು ನನ್ನ ದನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಇನ್ನೊಬ್ಬರ ಉಸಿರಿಗಾಗಿ ಕೂಗುವಾಗ ನಾಚಿಕೆಯಾಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಕೊಳವೆ ತೆಗೆದ ಕೂಡಲೇ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹೆಂಗಸರು ನಗುತ್ತಿದ್ದರು. ‘ಈ ಹುಡ್ಗಿಗೆ ಕೈಯಾಗೆ ಕೊಳವೆ ಇದ್ರೆ ಮಾತ್ರ ಬಾಯಿ ಬರ್ತೈತೆ ಕಣ್ರೇ.’

ಹಾಗೆ ನಗುತ್ತಿದ್ದವರು ಮತ್ತೋಡಿನಿಂದಾಚೆ ತೆಂಗಿನ ಚಿಪ್ಪು ಸುಡುವ ಶೆಡ್ಡಿನ ಹೆಂಗಸರು. ಹೊಸದುರ್ಗದ ಸುತ್ತಿನ ಕೊಬ್ಬರಿಯೆಲ್ಲ ಮಾರುಕಟ್ಟೆಗೆ ಹೋದ ಮೇಲೆ ಉಳಿಯುವ ಚಿಪ್ಪು ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ ಬರುತ್ತದೆ. ಡ್ರಮ್ಮುಗಳಿಗೆ ತುಂಬಿ, ಬೆಂಕಿ ಹಾಕಿ, ಹದ ನೋಡಿಕೊಂಡು ಮುಚ್ಚಳದ ಸುತ್ತ ಮಣ್ಣು ಮೆತ್ತಿದರೆ ಒಳಗೆ ಇದ್ದಿಲಾಗುತ್ತದೆ. ಆ ಹದ ನೋಡುವ ಹೊತ್ತಿನಲ್ಲಿ ಬರುವ ಹೊಗೆ ಹಳದಿ, ದಪ್ಪ, ಗಂಟಲಿಗೆ ಅಂಟಿಕೊಳ್ಳುತ್ತದೆ. ಆ ಇದ್ದಿಲು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಹುಡುಕಿ ಓದಿದೆ. ದೊಡ್ಡ ಊರುಗಳ ಮನೆಗಳಲ್ಲಿ ನೀರು ಸೋಸುವುದಕ್ಕೆ, ಗಾಳಿ ಸೋಸುವುದಕ್ಕೆ. ಅವತ್ತು ಡೈರಿ ಬರೆಯಲು ಕೂತರೆ ಪೆನ್ನು ಹಾಳೆ ಹರಿದುಕೊಂಡು ಹೋಯಿತು.

ಶೆಡ್ಡಿನ ಹಿರಿಯಳು ಏಕಾಂತಮ್ಮ. ಅವಳ ತಂಗಿ ದ್ಯಾಮಮ್ಮ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮನೆಯ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಚಿಕ್ಕವರಿದ್ದಾಗ ಒಂದೇ ಒಲೆಯ ಹೊಗೆ ಕುಡಿದರು, ಆಮೇಲೆ ಒಂದೇ ಶೆಡ್ಡಿನ ಹೊಗೆ. ಆದರೆ ಏಕಾಂತಮ್ಮ ಶೆಡ್ಡಿನಿಂದ ಮನೆಗೆ ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗೊಮ್ಮೆ, ಟ್ಯಾಂಕಿನ ಕಟ್ಟೆಯ ಮೇಲೊಮ್ಮೆ ಕೂರಲೇಬೇಕು. ದ್ಯಾಮಮ್ಮ ತಲೆಯ ಮೇಲೆ ಚೀಲ ಹೊತ್ತು ಅಕ್ಕನನ್ನು ಬೈಯುತ್ತಾ ನಡೆಯಬಲ್ಲಳು. ಆಸ್ಪತ್ರೆಗೆ ಹೋದಾಗಲೆಲ್ಲ ಏಕಾಂತಮ್ಮನನ್ನು ‘ಬೀಡಿ ಸೇದ್ತೀಯಾ?’ ಎಂದು ಕೇಳುತ್ತಿದ್ದರಂತೆ.

ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಯಾಕೆ ಹೀಗೆ? ಅಧ್ಯಯನ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಬೇರೆ ದೇಶಗಳಲ್ಲಿ ಲಕ್ಷಾಂತರ ಜನರ ರಕ್ತವನ್ನೂ ಉಸಿರನ್ನೂ ಹೋಲಿಸಿ ನೋಡಿದವರು ಒಂದು ಜೀನ್ ಕಡೆ ಬೆರಳು ತೋರಿಸಿದ್ದರು. ಹೊಗೆ ಒಳಗೆ ಹೋದಾಗ ಶ್ವಾಸಕೋಶದಲ್ಲಿ ಉರಿ ಎಬ್ಬಿಸುವ ಒಂದು ಪ್ರೋಟೀನನ್ನು ಆ ಜೀನ್ ಮಾಡಿಸುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಮಂದ. ಅಂಥವರ ಎದೆ ಹೊಗೆಗೆ ಬೇಗ ಸೋಲುವುದಿಲ್ಲ. ದ್ಯಾಮಮ್ಮನ ರಕ್ತದಲ್ಲಿ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಎರಡೂ ಮಂದ. ಅವಳ ತಾಯಿ ತನ್ನ ಸೋದರಮಾವನನ್ನೇ ಮದುವೆಯಾದವಳು. ಅಂಥ ಮನೆಗಳಲ್ಲಿ ಎರಡು ಕಡೆಯಿಂದಲೂ ಒಂದೇ ಬರುವುದುಂಟು. ಏಕಾಂತಮ್ಮನಿಗೆ ಅದೇ ತಂದೆ ತಾಯಿಯಿಂದ ಎರಡೂ ಮಾಮೂಲಿನವು ಬಂದಿದ್ದವು.

ಆ ಪ್ರೋಟೀನನ್ನು ಅಡಗಿಸುವ ಔಷಧಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಕೀಲುನೋವಿಗೆಂದು ಬಹಳ ಕಾಲದಿಂದ ಇದ್ದ ಮಾತ್ರೆಯೊಂದು ಅದೇ ಕೆಲಸ ಮಾಡುತ್ತಿತ್ತು. ತಂಗಿಗೆ ಹುಟ್ಟು ಕೊಟ್ಟದ್ದನ್ನು ಅಕ್ಕನಿಗೆ ಮಾತ್ರೆ ಕೊಟ್ಟೀತೇ? ಇಷ್ಟೇ ಪ್ರಶ್ನೆ. ಎಷ್ಟು ಚೆಂದದ ಪ್ರಶ್ನೆ! ನಾನು ಆ ಕೆಲಸಕ್ಕೆ ಸೇರಿದ್ದೇ ಇದರ ಮೋಹಕ್ಕೆ.

ಉಸಿರು ಕಟ್ಟುವ ಹೆಂಗಸರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಟಲಿ ಕೊಟ್ಟಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ. ಇನ್ನರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯಿಲ್ಲದ ಹಿಟ್ಟಿನ ಮಾತ್ರೆ. ಯಾರದು ಯಾವುದೆಂದು ಬೆಂಗಳೂರಿನ ಕಚೇರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಮಾತ್ರೆಯಿಂದ ಗುಣವಾಯಿತೋ ಸುಮ್ಮನೆ ಆಯಿತೋ ತಿಳಿಯಬೇಕಾದರೆ ಹಾಗೆ ಮಾಡಲೇಬೇಕು. ತಿನ್ನುವವರಿಗೆ ಮೊದಲೇ ಹೇಳಿದ್ದರೆ ಅದರಲ್ಲಿ ಮೋಸವಿಲ್ಲ. ಹೆಂಗಸರನ್ನು ಸೇರಿಸಿಕೊಂಡದ್ದು ನಾನು ಕೆಲಸಕ್ಕೆ ಬರುವ ಮೊದಲು. ಹೇಳಿದ್ದಾರೆ ಅಂತಲೇ ನಾನು ತಿಳಿದಿದ್ದೆ.

ಏಕಾಂತಮ್ಮ ಬೇವಿನ ಮರದ ಕೆಳಗೆ ಕೂರುವುದನ್ನು ಬಿಟ್ಟಳು. ಆಮೇಲೆ ಟ್ಯಾಂಕಿನ ಕಟ್ಟೆಯನ್ನೂ ಬಿಟ್ಟಳು. ಅವಳು ಊದಿದಾಗ ಯಂತ್ರದ ಮೇಲೆ ಮೂಡುವ ಗೆರೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿತ್ತು. ‘ಏನವ್ವ, ಪಾಸೋ ಫೇಲೋ?’ ಎಂದು ಕೊಳವೆ ಒರೆಸಿ ಕೊಡುತ್ತಿದ್ದಳು. ಹೇಳುವಂತಿರಲಿಲ್ಲ. ನಾನು ನಗುತ್ತಿದ್ದೆ, ಅವಳು ತಿಳಿದುಕೊಳ್ಳುತ್ತಿದ್ದಳು.

ಮಾಘ ಮುಗಿದು ಬಿಸಿಲು ಏರುವ ಹೊತ್ತಿಗೆ ಡಾಕ್ಟರ್ ಪ್ರಭುಲಿಂಗ ನನ್ನನ್ನು ಕರೆಸಿದರು. ಅಧ್ಯಯನದ ಮುಖ್ಯಸ್ಥರು ಅವರೇ. ಹಳ್ಳಿಯ ಕೆಲಸ ನೋಡಿಕೊಳ್ಳುವ ಹನುಮೇಶ್ ಆಗಲೇ ಎದುರಿಗೆ ಕೂತಿದ್ದ.

‘ಮೇಘಶ್ರೀ, ಆ ಮತ್ತೋಡು ಶೆಡ್ಡು ಕ್ಲೋಸ್. ನಾಳೆ ಹೋಗಿ ಬಾಟ್ಲಿಗಳನ್ನೆಲ್ಲ ತಗೊಂಡು ಬಂದ್ಬಿಡಿ.’

ನಾನು ನಿಂತೇ ಇದ್ದೆ. ಡಾಕ್ಟರು ನಕ್ಕರು. ‘ಬೆಂಗಳೂರಿಂದ ರಿಪೋರ್ಟ್ ಬಂದಿದೆ. ಆ ಶೆಡ್ಡಲ್ಲಿ ಪ್ರತಿಯೊಬ್ಬಳ ರಕ್ತದಲ್ಲೂ ಔಷಧಿ ಇದೆಯಂತೆ. ಯಾರಲ್ಲೂ ಇರಬೇಕಾದಷ್ಟಿಲ್ಲ. ಅಂದ್ರೆ ಏನರ್ಥ? ಶೇಂಗಾ ಹಂಚ್ಕೊಂಡು ತಿಂದಂಗೆ ಮಾತ್ರೆ ಹಂಚ್ಕೊಂಡು ತಿಂದಿದಾರೆ!’

‘ಎಷ್ಟು ಹೇಳಿದ್ರೂ ಅಷ್ಟೇ ಸಾರ್, ಈ ಹೆಂಗಸ್ರಿಗೆ’ ಎಂದ ಹನುಮೇಶ್. ‘ತಲೆಗೆ ಹೋಗಲ್ಲ.’

‘ಮುಗಿದ ಮೇಲೂ ಮಾತ್ರೆ ಕೊಡ್ತೀವಿ ಅಂದಿದ್ವಲ್ಲ ಸರ್’ ಎಂದೆ. ನನ್ನ ದನಿ ಮೇಜಿನ ಆ ತುದಿಗೂ ತಲುಪಲಿಲ್ಲವೇನೋ, ಅವರು ‘ಹಾಂ?’ ಎಂದರು. ಮತ್ತೆ ಹೇಳಿದೆ.

‘ಅದು ನಿಯಮ ಪಾಲಿಸಿದೋರಿಗೆ.’

‘ಅವರ ರಕ್ತ?’

‘ರಕ್ತ ಇರುತ್ತೆ. ಜೆನೆಟಿಕ್ಸ್ ಬೇರೆ, ಟ್ರಯಲ್ ಬೇರೆ. ಆ ಇನ್ನೊಬ್ಬಳು, ತಂಗಿ, ಅವಳದು ಚಿನ್ನದಂಥ ಸ್ಯಾಂಪಲ್. ಮುಂದಿನ ತಿಂಗಳು ದೆಹಲಿಯಲ್ಲಿ ನಾನು ಮಾತಾಡೋದೇ ಅದರ ಮೇಲೆ.’

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ರಕ್ತ ಬೇಕು, ರಕ್ತದ ಸುತ್ತ ಇರುವ ಮನುಷ್ಯರು ಬೇಡ. ಚಿನ್ನ ತೆಗೆದುಕೊಂಡು ಮಣ್ಣು ಚೆಲ್ಲುವ ಹಾಗೆ. ಇದನ್ನು ಒಳಗೆ ಹೋಗಿ ಹೇಳಬೇಕೆಂದುಕೊಂಡೆ. ಮುಖ ತೊಳೆದುಕೊಂಡು ಬಸ್ಸು ಹತ್ತಿದೆ.

ಮರುದಿನ ಹನುಮೇಶ್ ಬರಲಿಲ್ಲ; ತಲೆನೋವಂತೆ. ಜೀಪಿನಲ್ಲಿ ನಾನೊಬ್ಬಳೇ ಹೋದೆ. ಬುತ್ತಿ ಬಿಚ್ಚುವ ಹೊತ್ತು. ಆ ಶೆಡ್ಡಿನಲ್ಲಿ ಯಾರೂ ತನ್ನ ಬುತ್ತಿಯನ್ನು ತಾನೇ ಉಣ್ಣುವುದಿಲ್ಲ. ದೊಡ್ಡ ಬಟ್ಟೆ ಹಾಸಿ ಎಲ್ಲರ ರೊಟ್ಟಿ, ಮುದ್ದೆ, ಚಟ್ನಿ, ಪಲ್ಯ ಅದರ ಮೇಲೆ ಒಟ್ಟಿಗೆ ಸೇರಿಸುತ್ತಾರೆ. ದ್ಯಾಮಮ್ಮ ಹಂಚುತ್ತಾಳೆ. ಮನೆಯಲ್ಲಿ ಏನೂ ಇಲ್ಲದೆ ಬರಿಗೈಯಲ್ಲಿ ಬಂದವಳು ಯಾರೆಂದು ಯಾರಿಗೂ ತಿಳಿಯಬಾರದೆಂದು ಬಹಳ ಹಿಂದೆ ಯಾರೋ ಶುರು ಮಾಡಿದ ಪದ್ಧತಿ.

ಅವತ್ತು ರೊಟ್ಟಿಯ ಜೊತೆ ದ್ಯಾಮಮ್ಮನ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿಯಿತ್ತು. ಅದನ್ನು ಅಲ್ಲಾಡಿಸಿ, ಒಬ್ಬೊಬ್ಬಳ ಅಂಗೈಗೂ ಒಂದೊಂದು ಮಾತ್ರೆ ಹಾಕಿದಳು. ನನ್ನನ್ನು ನೋಡಿದರೂ ಬಚ್ಚಿಡಲಿಲ್ಲ. ಬಚ್ಚಿಡುವಂಥದ್ದು ಏನಿದೆ ಅವಳಿಗೆ!

‘ಬಾರವ್ವ, ಕುಂತ್ಕ. ಅವರೆಕಾಳು ಸಾರೈತೆ.’

‘ಚಿಕ್ಕಮ್ಮ, ಇದೇನು ಎಲ್ರದೂ ಒಂದೇ ಡಬ್ಬೀಗೆ ಹಾಕಿದೀರಾ?’

‘ಮತ್ತೆ? ಒಬ್ಬೊಬ್ರ ಬಾಟ್ಲೀನೂ ಒಂದೊಂದು ನಮೂನಿ ಅವೆ ಕಣವ್ವ. ನಮ್ಮಕ್ಕಂದು ಗಟ್ಟಿ ಮಾಲು. ತಿಂದು ಓಡಾಡಂಗಾದ್ಲು. ಈ ಉಷಾನ ಬಾಟ್ಲಿ ಬರೀ ಪೇಲವ, ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಒಬ್ಳಿಗೆ ಗಟ್ಟಿ, ಒಬ್ಳಿಗೆ ಪೇಲವ, ಇದ್ಯಾವ ನ್ಯಾಯ? ಅದಕ್ಕೆ ದೀಪಾವಳಿ ಕಳೆದ ಮ್ಯಾಲೆ ಎಲ್ಲಾ ಬೆರೆಸಿಬಿಟ್ಟೆ. ನಮ್ಮಕ್ಕನೇ ಅಂದ್ಲು, ಬೆರೆಸು ಅಂತ.’

ಏಕಾಂತಮ್ಮ ರೊಟ್ಟಿ ಮುರಿಯುತ್ತಾ ತಲೆಯಾಡಿಸಿದಳು. ‘ನಾನೊಬ್ಳು ಚೆನ್ನಾಗಿ ಉಸ್ರಾಡಿ ಈ ಹುಡ್ಗಿ ಪಕ್ದಾಗೆ ಸುಯ್ಯ ಸುಯ್ಯ ಅಂತಿದ್ರೆ ರೊಟ್ಟಿ ಇಳೀತೈತಾ?’

ನಾನು ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಕೂತೆ. ‘ಹನುಮೇಶ್ ಸರ್ ಬಾಟ್ಲಿ ಕೊಡುವಾಗ ಏನಂದಿದ್ರು?’

‘ಏನಂದ? ಎಲ್ರಿಗೂ ಒಳ್ಳೆ ಮಾತ್ರೆ, ದೊಡ್ಡ ಡಾಕ್ಟ್ರು ಕಳ್ಸ್ಯಾರೆ, ತಿನ್ರಿ ಅಂದ.’

‘ಅರ್ಧ ಜನಕ್ಕೆ ಔಷಧಿ ಇರಲ್ಲ ಅಂತ ಹೇಳಲಿಲ್ವಾ?’

ಉಷಾ ಅಂಗೈಯಲ್ಲಿದ್ದ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುವವಳು ಹಾಗೇ ನಿಂತಳು. ಅವರಲ್ಲಿ ಚಿಕ್ಕವಳು ಅವಳೇ.

ಆವಾಗ ಎಲ್ಲವನ್ನೂ ಹೇಳಿದೆ. ಅರ್ಧ ಔಷಧಿ, ಅರ್ಧ ಹಿಟ್ಟು ಎಂದು. ಯಾಕೆ ಹಾಗೆ ಮಾಡುತ್ತಾರೆಂದು. ಅದನ್ನು ಮೊದಲೇ ಹೇಳಿ ಒಪ್ಪಿಗೆ ಕೇಳಬೇಕಿತ್ತೆಂದು. ಹೇಳಿದರೆ ಯಾರೂ ಸೇರಲಿಕ್ಕಿಲ್ಲವೆಂಬ ಭಯಕ್ಕೆ ಮುಚ್ಚಿಟ್ಟಿರಬೇಕೆಂದು. ಈಗ ನಿಮ್ಮನ್ನೆಲ್ಲ ತೆಗೆದುಹಾಕಿದ್ದಾರೆ, ಬಾಟಲಿ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದು. ಡ್ರಮ್ಮಿನಲ್ಲಿ ಚಿಪ್ಪು ಚಟಪಟ ಸಿಡಿಯುವುದು ಕೇಳುತ್ತಿತ್ತು.

‘ನಂಗೆ ಹಿಟ್ಟು ಕೊಟ್ರಾ?’ ಎಂದಳು ಉಷಾ. ‘ನಾನೇನು ಇಲೀನಾ, ಹಿಟ್ಟಿಟ್ಟು ನೋಡಾಕೆ?’

‘ಇಲೀಗಾದ್ರೂ ಹಿಟ್ಟಿನಾಗೆ ಔಷಧಿ ಹಾಕ್ತಾರೆ’ ಎಂದು ಯಾರೋ ಹಿಂದಿನಿಂದ ಹೇಳಿದರು.

ದ್ಯಾಮಮ್ಮ ಎದ್ದು ಬಂದು ನನ್ನೆದುರು ನಿಂತಳು. ‘ನೀನೂ ಅವ್ರ ಪೈಕೀನೇ ಅಲ್ವೇನೇ? ಬಾಯಿಲ್ದ ಹುಡ್ಗಿ ಅಂತ ನಾವು ರೊಟ್ಟಿ ಕೊಟ್ಟು ಕುಂದ್ರಿಸ್ಕಂಡ್ರೆ, ಊದ್ರಿ ಊದ್ರಿ ಅಂತ ನಮ್ಮ ಕರುಳು ಹಿಂಡಿ, ಲೆಕ್ಕ ಬರ್ಕಂಡು ಹೋಗಿ ಆ ನನ್ಮಗನಿಗೆ ಕೊಡ್ತಿದ್ಯಾ?’

ನಾನು ಸಮರ್ಥನೆ ಮಾಡಿಕೊಳ್ಳಲಿಲ್ಲ. ಅವಳ ಸಿಟ್ಟು ನನ್ನ ಸಿಟ್ಟೇ ಆಗಿತ್ತು. ಅವಳ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತಿತ್ತು!

‘ಬಿಡೇ ದ್ಯಾಮಿ’ ಎಂದಳು ಏಕಾಂತಮ್ಮ. ‘ಹೇಳಿದೋಳು ಇವಳೊಬ್ಳೇ ತಾನೆ. ಮಗ, ಆ ಮಾತ್ರೆ ಹೆಸ್ರು ಹೇಳು. ಹೊಸದುರ್ಗದಾಗೆ ಅಂಗಡೀಗೆ ಹೋಗಿ ತಗಂತೀವಿ.’

‘ಸಿಗ್ತೈತೆ ದೊಡ್ಡಮ್ಮ. ಆದ್ರೆ ಕೆಲವ್ರಿಗೆ ಅದು ಲಿವರ್ ಕೆಡಿಸ್ತೈತೆ. ತಿಂಗಳು ತಿಂಗಳು ರಕ್ತ ನೋಡ್ತಾ ಕೊಡ್ಬೇಕು. ಡಾಕ್ಟ್ರು ಇಲ್ದೆ ತಿನ್ನಂಗಿಲ್ಲ.’

‘ಅಂದ್ರೆ ಅವ್ನ ಕೈಯಾಗೇ ಐತೆ ಅನ್ನು.’

ಅವಳು ಹಾಗೆ ಅಂದು ರೊಟ್ಟಿಯನ್ನು ಬಟ್ಟೆಯ ಮೇಲೆ ವಾಪಸ್ ಇಟ್ಟಳು.

‘ನಿಮ್ಮ ಕೈಯಾಗೂ ಒಂದೈತೆ’ ಎಂದೆ. ‘ಚಿಕ್ಕಮ್ಮನ ರಕ್ತ.’

ದ್ಯಾಮಮ್ಮನಿಗೆ ಅವಳ ರಕ್ತದಲ್ಲಿ ಏನಿದೆಯೆಂದು ಯಾರೂ ಹೇಳಿರಲಿಲ್ಲ. ಊರಿನ ನೀರುಗಂಟಿ ಟ್ಯಾಂಕಿನ ವಾಲ್ ತಿರುಗಿಸಿ ಬೀದಿಗೆ ನೀರು ಬಿಡುವುದಕ್ಕೆ ಹೋಲಿಸಿ ಹೇಳಿದೆ. ‘ಹೊಗೆ ಕುಡಿದ್ರೆ ಎದೆಯಾಗೆ ಉರಿ ಬಿಡೋ ವಾಲ್ ಒಂದು ಎಲ್ರಲ್ಲೂ ಐತೆ. ನಿಮ್ದು ಹುಟ್ಟಿದಾಗಿಂದ ಮುಚ್ಚೈತೆ. ದೊಡ್ಡಮ್ಮಂದು ಪೂರಾ ಬಿಟ್ಟೈತೆ. ಆ ಮಾತ್ರೆ ಅದನ್ನ ಮುಚ್ತೈತಾ ಅಂತ ನೋಡೋದೇ ಈ ಕೆಲ್ಸ. ನಿಮ್ಮಂಥೋರು ಸಿಗೋದೇ ಅಪರೂಪ. ಡಾಕ್ಟ್ರು ದೆಹಲೀಲಿ ಮಾತಾಡೋದು ನಿಮ್ಮ ರಕ್ತದ ಮ್ಯಾಲೆ.’

‘ನನ್ನ ರಕ್ತ ಈಗೆಲ್ಲೈತೆ?’

‘ದುರ್ಗದಾಗೆ. ಫ್ರಿಜ್ಜಿನಾಗೆ.’

‘ನಾನು ಬ್ಯಾಡ ಅಂದ್ರೆ?’

‘ಬ್ಯಾಡ ಅಂದ್ರೆ ಚೆಲ್ಲಬೇಕು. ಅದರಿಂದ ಬರೆದ ಲೆಕ್ಕಾನೂ ತೆಗೀಬೇಕು. ಕೆಲಸಕ್ಕೆ ಸೇರಿದ ದಿನ ನಮಗೆಲ್ಲ ಕಲಿಸಿದ ಮೊದಲ ಪಾಠ ಅದು. ಕೊಟ್ಟೋರು ಯಾವಾಗ ಬೇಕಾದ್ರೂ ವಾಪಸ್ ಕೇಳಬೋದು.’

ದ್ಯಾಮಮ್ಮ ಡಬ್ಬಿಯ ಮುಚ್ಚಳ ಒತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಇದು ನಿನ್ ಕೈಗೆ ಕೊಡಲ್ಲ. ನಾನೇ ತಗಂಬರ್ತೀನಿ. ನಾಳೆ ಎಲ್ರೂ ಹೋಗಾಣ ಕಣ್ರೇ ದುರ್ಗಕ್ಕೆ.’

ಮರುದಿನ ಹೊಸದುರ್ಗದಲ್ಲಿ ಅವರೆಲ್ಲ ಕೂತಿದ್ದ ಬಸ್ಸನ್ನೇ ನಾನೂ ಹತ್ತಿದೆ. ಏಕಾಂತಮ್ಮ ಕಿಟಕಿಯ ಪಕ್ಕ ನನ್ನನ್ನು ಕೂರಿಸಿಕೊಂಡಳು. ಹೊಳಲ್ಕೆರೆ ದಾಟಿದ ಮೇಲೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಂಡವು. ಅವಳು ಬಹಳ ಹೊತ್ತು ನೋಡಿದಳು.

‘ಗಾಳಿ ಹಿಡಿಯಾಕೆ ಅಷ್ಟುದ್ದ ರೆಕ್ಕೆ ಬೇಕೇನವ್ವ? ನಿಮ್ ಡಾಕ್ಟ್ರಿಗೆ ಹೇಳಿ ನಂಗೂ ಒಂದು ಹಾಕ್ಸು.’

‘ನಿನ್ ಮುಖಕ್ಕೆ ರೆಕ್ಕೆ’ ಎಂದಳು ಹಿಂದಿನ ಸೀಟಿನಿಂದ ದ್ಯಾಮಮ್ಮ. ‘ಹಾರಿ ಹೋದೀಯ, ಚಿಪ್ಪು ಯಾರು ತುಂಬಬೇಕು?’

ಕೇಂದ್ರದ ಬಾಗಿಲಲ್ಲಿ ಹನುಮೇಶ್ ಸಿಕ್ಕಿದ. ಸೀರೆಗಳಿಗೆಲ್ಲ ಇದ್ದಿಲಿನ ವಾಸನೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ‘ಏನ್ರಮ್ಮಾ, ಹೇಳದೆ ಕೇಳದೆ’ ಎಂದ.

‘ಹೇಳದೆ ಕೇಳದೆ ಮಾಡೋದು ನಿನ್ನಿಂದ್ಲೇ ಕಲಿತ್ವಪ್ಪ’ ಎಂದಳು ಉಷಾ.

ಡಾಕ್ಟರ್ ಪ್ರಭುಲಿಂಗ ಎದ್ದು ನಿಂತು ನಗುತ್ತಲೇ ಬರಮಾಡಿಕೊಂಡರು. ‘ಬನ್ನಿ ಬನ್ನಿ, ಕೂತ್ಕೊಳ್ಳಿ. ಟೀ ತರಿಸ್ತೀನಿ.’

ದ್ಯಾಮಮ್ಮ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ‘ಟೀ ಬ್ಯಾಡ ಡಾಕ್ಟ್ರೇ. ತಗಳ್ರಿ ನಿಮ್ಮ ಮಾತ್ರೆ. ನನ್ನ ರಕ್ತ ವಾಪಸ್ ಕೊಡ್ರಿ.’

‘ಏನು?’

‘ನನ್ನ ರಕ್ತ. ಫ್ರಿಜ್ಜಿನಾಗೆ ಐತಂತಲ್ಲ. ನಿಮಗೆ ನಾವು ಬ್ಯಾಡ ಅಂದ ಮ್ಯಾಲೆ ನಮ್ಮ ರಕ್ತ ಯಾಕೆ? ಇವ್ರೆಲ್ಲರದೂ ಕೊಡ್ರಿ.’

ಡಾಕ್ಟರು ಹನುಮೇಶನ ಕಡೆ ನೋಡಿ ನಕ್ಕರು. ‘ಅಲ್ಲಮ್ಮ, ರಕ್ತ ಏನು ಪಾತ್ರೆನಾ ವಾಪಸ್ ಕೊಡೋಕೆ? ಒಂದ್ಸಲ ಕೊಟ್ಟ ಮೇಲೆ ಆಯ್ತು. ಅದು ಸಂಶೋಧನೆಗೆ ಸೇರಿದ್ದು. ನಿಮಗೆ ಅದೆಲ್ಲ ಅರ್ಥ ಆಗಲ್ಲ.’

‘ಸುಳ್ಳು’ ಎಂದೆ.

ಮೆಲ್ಲಗೆ ಅಂದಿದ್ದೆ. ಆದರೂ ಎಲ್ಲರೂ ತಿರುಗಿದರು.

‘ಮೇಘಶ್ರೀ, ನೀವು ಹೊರಗಿರಿ.’

ಕಾಲು ಬಾಗಿಲ ಕಡೆ ತಿರುಗಿತು. ಅಭ್ಯಾಸ. ಅಷ್ಟರಲ್ಲಿ ಏಕಾಂತಮ್ಮ ಕೆಮ್ಮತೊಡಗಿದಳು; ಮೆಟ್ಟಿಲು ಹತ್ತಿ ಬಂದಿದ್ದಳಲ್ಲ. ಕುರ್ಚಿಯ ಬೆನ್ನು ಹಿಡಿದು ಉಸಿರು ಹುಡುಕುತ್ತಿದ್ದಳು. ಆ ಸದ್ದು ನನಗೆ ಗೊತ್ತು. ಆ ಸದ್ದಿನ ಪಕ್ಕದಲ್ಲಿ ನಿಂತರೆ ನನ್ನ ದನಿ ತಾನಾಗಿಯೇ ಎದ್ದು ಬರುತ್ತದೆ.

‘ಹೋಗಲ್ಲ ಸರ್!’ ಆ ಕೂಗಿಗೆ ಪಕ್ಕದ ಕೋಣೆಯ ಗುಮಾಸ್ತರು ಬಂದು ಇಣುಕಿದರು. ‘ಕೇಳಿದ್ರೆ ಚೆಲ್ಲಬೇಕು, ಲೆಕ್ಕದಿಂದ ತೆಗೀಬೇಕು! ಮೊದಲ ದಿನ ನೀವೇ ಪಾಠ ಮಾಡಿದ್ರಿ. ಅರ್ಧ ಹಿಟ್ಟು ಅಂತ ಇವರಿಗೆ ಹೇಳಬೇಕು ಅನ್ನೋದೂ ಅದೇ ಪಾಠದ್ದು. ಹೇಳಿಲ್ಲ ನೀವು! ಹೇಳಿದ್ರೆ ಇವರು ಯಾಕೆ ಬೆರೆಸ್ತಿದ್ರು? ಪಕ್ಕದವಳಿಗೆ ಉಸಿರಿಲ್ಲ ಅಂತ ತಮ್ಮ ಔಷಧಿ ಬೆರೆಸಿ ಕೊಟ್ಟೋರಿಗೆ ತಲೆಗೆ ಹೋಗಲ್ಲ ಅಂತೀರಾ? ಯಾರ ತಲೆಗೆ ಹೋಗಿಲ್ಲ ಸರ್?’

ಹನುಮೇಶ್ ಕಿಟಕಿಯಾಚೆ ನೋಡುತ್ತಿದ್ದ. ಡಾಕ್ಟರ ಮುಖದ ನಗು ಹೋಗಿತ್ತು. ‘ಇವರಿಗೆಲ್ಲ ಹೇಳಿಕೊಟ್ಟು ಕರ್ಕೊಂಡು ಬಂದಿದ್ದು ನೀವಾ?’

‘ಹೌದು.’

ಅವರು ಕೂತರು. ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿದರು. ಆಮೇಲೆ ನನ್ನನ್ನು ಬಿಟ್ಟು ದ್ಯಾಮಮ್ಮನ ಕಡೆ ತಿರುಗಿ, ಬೇರೆಯದೇ ದನಿಯಲ್ಲಿ ಮಾತಾಡಿದರು. ‘ನೋಡಮ್ಮ, ಸಿಟ್ಟು ಬೇಡ. ನಿಮ್ಮ ಅಕ್ಕನಿಗೆ ತಾನೆ ತೊಂದ್ರೆ? ಅವರಿಗೆ ಮಾತ್ರೆ ನಾನು ಕೊಡಿಸ್ತೀನಿ. ನಿಜವಾದದ್ದೇ. ಇಲ್ಲೇ ನಮ್ಮಲ್ಲೇ ಪರೀಕ್ಷೆ ಮಾಡಿಸಿ, ನಾನೇ ನೋಡ್ಕೋತೀನಿ. ನಿಮ್ಮ ರಕ್ತ ಇರಲಿ ಬಿಡಿ. ಉಳಿದವರದು ಆಮೇಲೆ ನೋಡೋಣ.’

ಇಷ್ಟು ಹೊತ್ತು ಕತ್ತಿಯಂತೆ ಮಾತಾಡಿದ ದ್ಯಾಮಮ್ಮ ಅಕ್ಕನ ಕುತ್ತಿಗೆಯ ಗುಳಿ ಏರಿಳಿಯುವುದನ್ನು ನೋಡಿದಳು. ಆಮೇಲೆ ಉಷಾಳನ್ನು ನೋಡಿದಳು. ಉಷಾ ನೆಲ ನೋಡುತ್ತಿದ್ದಳು. ‘ಹೂಂ ಅನ್ನಿ’ ಎಂದು ಅವಳೇ ಮೆಲ್ಲಗೆ ಹೇಳಿದಳು. ‘ದೊಡ್ಡಮ್ಮಂದಾದ್ರೂ ಆಗ್ಲಿ.’

ಏಕಾಂತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಉಸಿರು ಪೂರ್ತಿ ಬಂದಿರಲಿಲ್ಲ. ಒಂದೊಂದೇ ಮಾತು ಹೆಕ್ಕಿ ಆಡಿದಳು.

‘ಡಾಕ್ಟ್ರೇ, ನನಗೊಬ್ಳಿಗೆ ಕೊಟ್ರೆ ನಾನು ಅದನ್ನ ಮತ್ತೆ ಈ ಡಬ್ಬೀಗೇ ಹಾಕ್ತೀನಿ. ನಿಮ್ಮ ಲೆಕ್ಕ ಮತ್ತೆ ಕೆಡ್ತೈತೆ ನೋಡ್ರಿ.’

ದ್ಯಾಮಮ್ಮ ಅಳುತ್ತಲೇ ನಕ್ಕುಬಿಟ್ಟಳು. ‘ಕೇಳಿದ್ರಲ್ಲ? ಕೊಟ್ರೆ ಎಲ್ರಿಗೂ. ನಿಜವಾದದ್ದು, ರಕ್ತ ನೋಡ್ಕಂತ. ಇಲ್ಲಾ, ಈಗ್ಲೇ ನನ್ನ ಕಣ್ಣೆದ್ರಿಗೇ ನನ್ನದು ಚೆಲ್ರಿ. ನಾವು ಅಲ್ಲೀಗಂಟ ಇಲ್ಲೇ ಕುಂತಿರ್ತೀವಿ.’

ಅವರು ನಿಜವಾಗಿಯೂ ಕೂತರು. ಡಾಕ್ಟರ ಕೋಣೆಯ ನೆಲದ ಮೇಲೆ, ಗೋಡೆಗೆ ಒರಗಿ. ಹೊತ್ತಾದ ಮೇಲೆ ಬುತ್ತಿ ಬಿಚ್ಚಿ ಬಟ್ಟೆ ಹಾಸಿದರು. ಡಾಕ್ಟರು ಆಚೆ ಕೋಣೆಗೂ ಈಚೆ ಕೋಣೆಗೂ ಫೋನ್ ಹಿಡಿದು ಓಡಾಡಿದರು. ಅವರಿಗೆ ಈ ಹೆಂಗಸರ ಕಷ್ಟ ಈಗ ತಿಳಿಯಿತೆಂದು ನಾನು ನಂಬುವುದಿಲ್ಲ. ದ್ಯಾಮಮ್ಮನ ರಕ್ತವಿಲ್ಲದೆ ದೆಹಲಿಯಲ್ಲಿ ಹೇಳಲು ಅವರಿಗೆ ಏನೂ ಇರಲಿಲ್ಲ, ಅಷ್ಟೇ. ಸಂಜೆಯ ಬಸ್ಸಿನ ಹೊತ್ತಿಗೆ ಬಂದು, ರೋಗಿಗಳ ಹಕ್ಕು ನೋಡುವ ಸಮಿತಿಯ ಮುಂದೆ ಇಡುತ್ತೇನೆ, ಒಪ್ಪಿಗೆ ಬರುವ ತನಕ ಆ ರಕ್ತವನ್ನು ಮುಟ್ಟುವುದಿಲ್ಲ, ದೆಹಲಿಯಲ್ಲೂ ಅದರ ಮಾತೆತ್ತುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿದರು. ಮಾತ್ರೆ ಅಲ್ಲಿಯವರೆಗೆ ನಿಲ್ಲುತ್ತದೆ ಎಂದೂ ಹೇಳಿದರು.

ಒಪ್ಪಿಗೆ ಬರಲು ವಾರಗಟ್ಟಲೆ ಹಿಡಿಯಿತು. ಸಭೆ ಮುಂದೆ ಹೋಯಿತು, ಯಾರೋ ರಜೆಯಲ್ಲಿದ್ದರು, ಕಾಗದ ಎಲ್ಲೋ ಕೂತಿತ್ತು. ಅಷ್ಟರಲ್ಲಿ ಏಕಾಂತಮ್ಮ ಮೊದಲು ಟ್ಯಾಂಕಿನ ಕಟ್ಟೆಯ ಮೇಲೆ ಕೂರತೊಡಗಿದಳು. ಆಮೇಲೆ ಬೇವಿನ ಮರದ ಕೆಳಗೂ. ಭಾನುವಾರಗಳಂದು ಹೋದಾಗ ಅವಳು ಅಲ್ಲಿ ಕೂತಿರುವುದನ್ನು ನೋಡಿ, ಪಕ್ಕದಲ್ಲಿ ಕೂತು ಬರುತ್ತಿದ್ದೆ. ಒಂದು ನಿಜ ಹೇಳಿದ್ದರೆ ಸಾಕಿತ್ತಲ್ಲ! ಬಾಟಲಿ ಕೊಡುವ ದಿನ ಎರಡು ಮಾತು, ಅವಳ ಭಾಷೆಯಲ್ಲಿ. ಅಷ್ಟನ್ನು ಉಳಿಸಲು ಹೋಗಿ ಒಬ್ಬಳ ಎದೆಯಿಂದ ಇಷ್ಟು ಉಸಿರು ಕಿತ್ತುಕೊಂಡರು.

ಕೊನೆಗೆ ಸಮಿತಿ ಒಪ್ಪಿತು. ಶೆಡ್ಡಿನವರನ್ನು ಹಳೆಯ ಲೆಕ್ಕದಿಂದ ಬಿಟ್ಟು, ಉಸಿರಿನ ತೊಂದರೆ ಇರುವ ಎಲ್ಲರಿಗೂ ನಿಜವಾದ ಮಾತ್ರೆ. ತಿಂಗಳಿಗೊಮ್ಮೆ ಶೆಡ್ಡಿಗೇ ಬಂದು ಲಿವರ್ ಪರೀಕ್ಷೆ. ಬೇರೆ ಹಳ್ಳಿಗಳಲ್ಲಿ ಸೇರಿದವರಿಗೂ ಹಿಟ್ಟಿನ ವಿಷಯ ತಿಳಿಸಿ ಮತ್ತೊಮ್ಮೆ ಒಪ್ಪಿಗೆ ಕೇಳಬೇಕು. ಅದೇ ವಾರ, ನನ್ನ ಕೆಲಸವನ್ನು ಮುಂದುವರಿಸುವುದಿಲ್ಲವೆಂದು ಹನುಮೇಶ್ ಫೋನಿನಲ್ಲಿ ಹೇಳಿದ. ಡಾಕ್ಟರು ಹೇಳಲು ಅವನನ್ನು ಬಿಟ್ಟಿದ್ದರು. ಎಲ್ಲ ಹೇಳುವ ಕೆಲಸವೂ ಅವನಿಗೇ.

ಮಾತ್ರೆ ಕೊಡುವ ದಿನ ನಾನೂ ಶೆಡ್ಡಿಗೆ ಹೋದೆ, ಯಾರೂ ಕರೆಯದಿದ್ದರೂ. ಶುರು ಮಾಡುವ ಮುಂಚೆ ಒಬ್ಬೊಬ್ಬರೂ ಊದಬೇಕು. ಹನುಮೇಶ್ ಕೊಳವೆ ಹಿಡಿದು ನಿಂತಿದ್ದ. ಏಕಾಂತಮ್ಮ ಅದನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ.

‘ನಮ್ ಹುಡ್ಗಿ ಕೂಗ್ಲಿ’ ಎಂದಳು.

ಅವನು ನನ್ನನ್ನು ನೋಡಿದ, ಡ್ರಮ್ಮುಗಳನ್ನು ನೋಡಿದ, ಕೊಳವೆಯನ್ನು ನನ್ನ ಕೈಗೆ ಕೊಟ್ಟ.

‘ಊದ್ರಿ ದೊಡ್ಡಮ್ಮ! ಊದ್ರಿ!’

ಅವಳು ಊದಿದಳು. ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿಕೊಂಡು. ಯಂತ್ರದ ಮೇಲಿನ ಗೆರೆ ಏರಲು ನೋಡಿ, ಮೊದಲು ಮುಟ್ಟಿದ ಎತ್ತರಕ್ಕಿಂತ ಎಷ್ಟೋ ಕೆಳಗೇ ಬಾಗಿತು. ಹನುಮೇಶ್ ಅದನ್ನು ನೋಡಿದ. ನೋಡಲಿ ಎಂದೇ ಯಂತ್ರವನ್ನು ಅವನ ಕಡೆ ತಿರುಗಿಸಿದ್ದೆ.

‘ಇನ್ನೂ ಐತೆ! ಇನ್ನೂ! ನಿಲ್ಲಿಸಬ್ಯಾಡ್ರಿ!’

ಹಿಂದಿನಿಂದ ದ್ಯಾಮಮ್ಮ ಕೂಗಿದಳು, ಉಷಾ ಕೂಗಿದಳು, ಉಳಿದವರೆಲ್ಲ ಕೂಗಿದರು. ಆ ಗದ್ದಲದಲ್ಲಿ ನನ್ನ ದನಿಯೇ ಎಲ್ಲರಿಗಿಂತ ಮೇಲಿತ್ತು.